ಹೆಜ್ಜಿ ಎಲ್ಲಿಂದ ಬಂತು ಅಂತ ಫಾರ್ಮ್‌ದಾಗ ಬರೀರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಪೇಪರ್‌ನ ಪತ್ರಗಳ ಕಾಲಂದಾಗ ಒಬ್ರು ಹಿರೇರು ನಮ್ಮ ಕಡಿ ಕಾಲೇಜ್ ಹುಡುಗ್ರ ಕಂಟೆಂಪರರಿ ಡಾನ್ಸ್ (ಶಾಸ್ತ್ರೀಯ ಚೌಕಟ್ಟು ಬಿಟ್ಟು ಕಟ್ಟೋ ಈಗಿನ ಕಾಲದ ಕುಣಿತ) ಬಗ್ಗಿ ಬರದಿದ್ರು, ಎಲ್ಲಾ ಯೂಟ್ಯೂಬ್ ನೋಡಿ ಕಾಪಿ ಹೊಡ್ದಿದ್ದು, ಸ್ವಂತದ್ದು ಅನ್ನೋದು ಒಂದೂ ಇಲ್ಲ ಅಂತ. ನಾನು ರಾಯಚೂರಾಗ ಒಂದು ಸಣ್ಣ ಡಾನ್ಸ್ ಕ್ಲಾಸ್ ನಡಸ್ತೀನಿ, ಯುವಜನೋತ್ಸವ ಬಂತಂದ್ರ ಹುಡುಗ್ರಿಗೆ ಐಟಂ ಕೂಡ್ಸಿ ಕೊಡ್ತೀನಿ, ಅದಕ್ಕ ಈ ಪತ್ರ. ಅವರು ಹೇಳಿದ್ದರಾಗ ಅರ್ಧ ಖರೆ ಅದ. ಎಂಟು ಕೌಂಟಿಗೆ ಎಂಟು ಕೌಂಟ್ ಯಾರದೋ ರೀಲ್ಸ್‌ನಿಂದ ಎತ್ತಿ, ಹಾಡು ಬದಲ್ಸಿ, ಡ್ರೆಸ್ ಬದಲ್ಸಿ, ಕೊರಿಯೋಗ್ರಫಿ ಅಂತ ತಮ್ಮ ಹೆಸರು ಹಾಕ್ಕೊಳ್ಳೋ ಮಂದಿ ಅದಾರ, ಅವರಿಗೇ ಫಸ್ಟ್ ಪ್ರೈಜ್ ಕೊಡೋ ಜಡ್ಜ್‌ಗಳೂ ಅದಾರ. ಆದ್ರ ದೊಡ್ಡವರ ಕೆಲಸ ನೋಡಿ ಅದರಿಂದ ಹುಟ್ಟಿದ್ದೆಲ್ಲಾ ಕಳವು ಅಂದ್ರ ನಾ ಒಪ್ಪಂಗಿಲ್ರಿ, ಹಂಗ ನೋಡಿದ್ರ ಈ ಡಾನ್ಸೇ ಇರ್ತಿದ್ದಿಲ್ಲ.

ರಷ್ಯಾದ ಸ್ಟ್ರಾವಿನ್ಸ್ಕಿ ಅವರ ಸಂಗೀತಕ್ಕ ಡಾನ್ಸರ್ ನಿಜಿನ್‌ಸ್ಕಿ 1913ರಾಗ ಪ್ಯಾರಿಸ್‌ದಾಗ 'ರೈಟ್ ಆಫ್ ಸ್ಪ್ರಿಂಗ್' ಅಂತ ಬ್ಯಾಲೆ ಮಾಡಿದ್ರು. ಮಂದಿ ಸೇರಿ ವಸಂತಕ್ಕ ಒಂದು ಹುಡುಗೀನ್ನ ಬಲಿಗೆ ಆರಿಸ್ತಾರ, ಆಕಿ ಕುಣದು ಕುಣದೇ ಸಾಯ್ತಾಳ, ಅಷ್ಟೇ ಕಥಿ. ಪಾದ ಒಳಗ ತಿರುಗ್ಸಿ ನೆಲ ಒದಿಯೋ ಆ ಕುಣಿತಕ್ಕ ಥೇಟರ್‌ದಾಗ ದೊಡ್ಡ ಗದ್ಲಾನೇ ಆಯ್ತು. ಅದೇ ಸಂಗೀತ ಇಟ್ಕೊಂಡು 1959ರಾಗ ಮಾರಿಸ್ ಬೆಜಾರ್ ತಮ್ಮದೊಂದು ಮಾಡಿದ್ರು, ಅದರಾಗ ಬಲಿ ಬದ್ಲಿ ಗಂಡು ಹೆಣ್ಣು ಕೂಡೋದು ಕಡೀಗೆ ಬರ್ತದ. 1975ರಾಗ ಜರ್ಮನಿಯ ಪೀನಾ ಬೌಶ್ ಸ್ಟೇಜ್ ತುಂಬ ಮಣ್ಣು ಹರವಿ ಅದರ ಮ್ಯಾಲ ಕುಣಿಸಿದ್ರು, ಬೆವರು ಮಣ್ಣು ಕೂಡಿ ಮೈಗೆ ಮೆತ್ತಿಕೊಂಡು, ಏದುಸಿರು ಸಂಗೀತದ ನಡುವ ಕೇಳೋ ಹಂಗ. ಮಾರ್ಥಾ ಗ್ರಹಾಂ ಅಂತೂ 1930ರಾಗ ಅಮೆರಿಕಾದಾಗ ಲಿಯೊನೀದ್ ಮಸೀನ್ ಅನ್ನೋ ಕೊರಿಯೋಗ್ರಾಫರ್ ಇದೇ ಸಂಗೀತಕ್ಕ ಕೂಡ್ಸಿದ್ದರಾಗ ಬಲಿ ಆಗೋ ಹುಡುಗಿ ಪಾತ್ರ ಮಾಡಿದವರು, 1984ರಾಗ ವಯಸ್ಸು ತೊಂಬತ್ತರ ಹತ್ರ ಬಂದಾಗ ತಾವೇ ಬ್ಯಾರೆ ಒಂದು ಕಟ್ಟಿದ್ರು! ಹಿಂದ ಏನಾಗಿತ್ತು ಅಂತ ಎಲ್ರಿಗೂ ಗೊತ್ತಿತ್ತು, ಯಾರೂ ಮುಚ್ಚಿಡ್ಲಿಲ್ಲ, ಆದ್ರ ಒಂದನ್ನ ನೋಡಿ ಇನ್ನೊಂದು ಅಂತ ಯಾರೂ ತಪ್ಪು ತಿಳ್ಕೊಳ್ಳಂಗಿಲ್ಲ. ಪಕ್ಕದ ಮನಿಯಿಂದ ಹೆಪ್ಪು ಇಸ್ಕೊಂಡು ಬರ್ತೀವಿ, ಹಾಲು ನಮ್ಮದೇ ಇರ್ತದ.

ಹಂಗಾದ್ರ ದೊಡ್ಡವರಿಂದ ಏನು ತಗೋಬೇಕು? ನನ್ನ ಕೇಳಿದ್ರ ಹೆಜ್ಜಿ ಕಡೀಗೆ, ಮೊದ್ಲು ಅವರು ಕೆಲಸ ಮಾಡೋ ರೀತಿ ತಗೋಬೇಕು. ಪೀನಾ ಬೌಶ್ ರಿಹರ್ಸಲ್‌ದಾಗ ಡಾನ್ಸರ್‌ಗಳಿಗೆ ಪ್ರಶ್ನಿ ಕೇಳ್ತಿದ್ರು, ಅವರು ಮಾತಿನ್ಯಾಗೋ ಮೈಯಾಗೋ ಉತ್ತರ ಕೊಡ್ತಿದ್ರು, ಅದರಾಗ ಬೇಕಾದ್ದು ಆರಿಸ್ಕೊಂಡು ಜೋಡಸ್ತಿದ್ರು. ಇದಕ್ಕ ಜರ್ಮನಿಗೆ ಹೋಗ್ಬೇಕಾಗಿಲ್ಲ. ನಾನು ನಮ್ಮ ಹುಡುಗ್ರಿಗೆ ಕೇಳಿದ್ದು ಇಷ್ಟೇ, ಮೇ ತಿಂಗಳ ಮಧ್ಯಾಹ್ನ ಚಪ್ಪಲ್ ಇಲ್ದ ಡಾಂಬರ್ ರಸ್ತಾ ದಾಟ್ಬೇಕು, ಹೆಂಗ ದಾಟ್ತೀರಿ? (ರಾಯಚೂರಿನ ಬಿಸಿಲು ನಿಮ್ಮ ಓದುಗರಿಗೆ ಬಿಡಿಸಿ ಹೇಳೋದು ಬ್ಯಾಡ.) ಒಬ್ಬ ಹಿಮ್ಮಡಿ ಮ್ಯಾಲ ಓಡ್ದ, ಒಬ್ಬ ತುದಿಗಾಲಾಗ, ಇನ್ನೊಬ್ಬ ನಡುವ ನಿಂತು ಒಂದು ಪಾದದ ಮ್ಯಾಲ ಇನ್ನೊಂದು ಪಾದ ಇಟ್ಟು ಸುಧಾರಿಸ್ಕೊಂಡ, ಒಬ್ಬಾಕಿ ಮಾತ್ರ ಓಡ್ಲೇ ಇಲ್ಲ, ನೆರಳು ಹುಡುಕಿ ನೆರಳಿಂದ ನೆರಳಿಗೆ ಜಿಗದ್ಲು. ಇದರಾಗ ಯೂಟ್ಯೂಬ್‌ದಾಗ ಸಿಗೋದು ಯಾವುದದ ಹೇಳ್ರಿ? ಇವನ್ನ ಯಾವ ಕ್ರಮದಾಗ ಇಡೋದು ಅಂತ ಚೀಟಿ ಎತ್ತಿದ್ವಿ, ಅದು ಅಮೆರಿಕಾದ ಕೊರಿಯೋಗ್ರಾಫರ್ ಮರ್ಸ್ ಕನ್ನಿಂಗ್‌ಹ್ಯಾಂ ಅವರಿಂದ ಕಲ್ತಿದ್ದು, ಅವರು ನಾಣ್ಯ ಚಿಮ್ಮಿ, ದಾಳ ಉರುಳ್ಸಿ ಯಾವ ಹೆಜ್ಜಿ ಆದ ಮ್ಯಾಲ ಯಾವುದು ಅಂತ ತೀರ್ಮಾನ ಮಾಡ್ತಿದ್ರು, ಅವರ ಡಾನ್ಸು, ಅವರ ಜೊತಿಗಾರ ಜಾನ್ ಕೇಜ್ ಅವರ ಸಂಗೀತ ಎರಡೂ ಬ್ಯಾರೆ ಬ್ಯಾರೆ ತಯಾರಾಗಿ ಸ್ಟೇಜ್ ಮ್ಯಾಲೇ ಕೂಡ್ತಿದ್ವು. ಹುಡುಗ್ರಿಗೆ ಮೊದ್ಲು ನಗು ಬಂತು, ಆಮ್ಯಾಲ ರೂಢಿಯಾಗಿದ್ದ ಕೈಕಾಲು ಬಿಟ್ಟು ಬ್ಯಾರೆ ಯೋಚನಿ ಮಾಡ್ಲಿಕ್ಕೆ ಹತ್ತಿದ್ರು.

ಹೆಜ್ಜೀನೇ ಬೇಕಂದ್ರ? ತಗೋಬಹುದು, ಕೇಳಿ ತಗೋಬೇಕು, ಹೆಸರು ಹೇಳ್ಬೇಕು. ಬೆಲ್ಜಿಯಂನ ಆನ್ ತೆರೇಸಾ ಡಿ ಕೀರ್ಸ್‌ಮೇಕರ್ 1983ರಾಗ ನಾಲ್ಕು ಹೆಣ್ಮಕ್ಕಳು ಕುರ್ಚಿ ಮ್ಯಾಲ ಕುಂತು ಮಾಡೋ ಒಂದು ಪೀಸ್ ಕಟ್ಟಿದ್ರು, 2011ರಾಗ ಅಮೆರಿಕಾದ ಪಾಪ್ ಗಾಯಕಿ ಬಿಯಾನ್ಸೆ ಅವರ ಒಂದು ವಿಡಿಯೋದಾಗ ಅದರ ತುಣುಕು ಎದ್ದು ಕಂಡ್ವು, ನನ್ನ ಕೇಳೇ ಇಲ್ಲ ಅಂತ ಪೀಸ್ ಕಟ್ಟಿದ ಆನ್ ತೆರೇಸಾ ಅವರು ತಕರಾರು ತಗದ್ರು, ಜಗತ್ತಿನ ತುಂಬ ಸುದ್ದಿ ಆಯ್ತು. ನನಗ ಹಿಡಿಸಿದ್ದು ಮುಂದಿಂದು. 2013ರಾಗ ಅವರ ತಂಡದವರೇ ಆ ಕುರ್ಚಿ ಡಾನ್ಸಿನ ಹೆಜ್ಜಿ ವಿಡಿಯೋದಾಗ ಬಿಡಿಸಿ ಕಲ್ಸಿ, ಯಾರ್ ಬೇಕಾದ್ರೂ ಕಲೀರಿ, ನಿಮ್ಮದು ಮಾಡಿ ಕಳಸ್ರಿ ಅಂತ ಕರದ್ರು, ಸಾಲಿ ಹುಡುಗ್ರಿಂದ ಹಿಡ್ದು ಮುದುಕ್ರ ತನಕ ಕುಣದು ಕಳ್ಸಿದ್ರು. ಕೊಡಬಾರ್ದು ಅಂತ ಅವರಿಗೇನೂ ಇರ್ಲಿಲ್ಲ ಅಂತ ಇದರಾಗೇ ಗೊತ್ತಾಗ್ತದ.

ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದಿಯಾಗೂ ಕೊರಿಯೋಗ್ರಫಿ ಸೇರ್ಯದ, ನಾಟಕ ಕೃತಿ ಅನ್ನೋದರ ಒಳಗ. ಆದ್ರ ಅದು ಬರಹದಾಗೋ ಬ್ಯಾರೆ ರೀತೀಲೋ ದಾಖಲಾಗಿರ್ಬೇಕು ಅಂತದ. ನಮ್ಮ ಊರಾಗಿನ ಹೆಜ್ಜಿ ಯಾರು ಬರದಿಟ್ಟಾರ? ಇಲ್ಲೇ ನೋಡ್ರಿ ನನಗ ಸಿಟ್ಟು ಬರೋದು.

ಯಾಕಂದ್ರ ನಮ್ಮ ಹುಡುಗ್ರು ಫಾರಿನ್‌ನವರದು ತಗೊಂಡ್ರ ಕಾಪಿ ಅಂತ ಬೈತೀವಿ, ಅದೇ ನಮ್ಮ ಜಿಲ್ಲಾದ ಮುದಗಲ್ ಮೊಹರಂದಾಗಿನ ಹೆಜ್ಜಿ ಎತ್ತಿ ಫ್ಯೂಷನ್ ಮಾಡಿದ್ರ ಚಪ್ಪಾಳಿ ಹೊಡಿತೀವಿ, ಫಾರ್ಮ್‌ದಾಗ 'ಜಾನಪದ' ಅಂತ ಬರದ್ರ ಮುಗೀತು. ಅಲಾಯಿ ಕುಣಿ (ಮೊಹರಂದಾಗ ಬೆಂಕಿ ಹಾಕೋ ತಗ್ಗು) ಸುತ್ತ ಹಲಗಿ ಬಡಿತಕ್ಕ ಸುತ್ತೋವಾಗ ಎಷ್ಟು ಹೆಜ್ಜಿ ಮುಂದ, ಎಲ್ಲಿ ತಿರುಗ್ಬೇಕು, ಏಟು ಜೋರಾದ್ರ ಕಾಲು ಹೆಂಗ ಬದಲಾಗ್ಬೇಕು, ಇದೆಲ್ಲಾ ತಾನೇ ಮ್ಯಾಲಿಂದ ಬಿದ್ದಿಲ್ರಿ. ಊರಾಗಿನ ಯಾರೋ ಹಿರೇಮನುಷ್ಯ ಹುಡುಗ್ರನ್ನ ನಿಲ್ಲಿಸ್ಕೊಂಡು ತಿದ್ದಿ ತೀಡಿ ಕೊಟ್ಟಿರ್ತಾನ, ಅವನೂ ಕೊರಿಯೋಗ್ರಾಫರ್ರೇ, ವಿಸಿಟಿಂಗ್ ಕಾರ್ಡ್ ಇಲ್ಲ ಅಷ್ಟೇ. ಜೋಗತಿ ನೃತ್ಯ ತಲಿ ಮ್ಯಾಲ ಕೊಡ ಇಟ್ಕೊಂಡ್ರ ಬಂದುಬಿಡ್ತದ ಅಂತ ತಿಳ್ಕೊಂಡವ್ರಿಗೆ ಹೇಳ್ತೀನಿ, 2021ರಾಗ ಪದ್ಮಶ್ರೀ ಬಂದ ಮಂಜಮ್ಮ ಜೋಗತಿಯವರು ಕಾಳವ್ವ ಜೋಗತಿಯವರ ಕೈಯಾಗ ಕಲ್ತವರು. ಗುರುವಿನ ಹೆಸರು ಅಲ್ಲೂ ಅದ, ನಾವು ಕೇಳಂಗಿಲ್ಲ.

ಬೆರಸಬಾರ್ದು ಅಂತಲ್ಲ ನಾ ಹೇಳೋದು. ಚೆನ್ನೈನ ಡಾನ್ಸರ್ ಚಂದ್ರಲೇಖಾ ಅವರು 1985ರ 'ಅಂಗಿಕಾ'ದಾಗ ಭರತನಾಟ್ಯದ ಜೊತಿ ಕೇರಳದ ಕಾದಾಟದ ಕಲೆ ಕಳರಿಪಯಟ್ಟು, ಯೋಗ ತಂದ್ರು, ಕಳರಿ ಅಂತ ಹೆಸರಿಟ್ಟೇ ತಂದ್ರು. ನಮ್ಮ ಬೆಂಗಳೂರಿನ ಕಥಕ್ ಗುರು ಮಾಯಾ ರಾವ್ ಮಾಸ್ಕೋಕ್ಕ ಹೋಗಿ ಕೊರಿಯೋಗ್ರಫಿ ಕಲ್ತು ಬಂದು ಇಲ್ಲಿ ಕಲ್ಸಿದ್ರು, ಎಲ್ಲಿ ಕಲ್ತೆ ಅಂತ ಹೇಳ್ಕೊಂಡ್ರ ಅವರ ಕಿಮ್ಮತ್ತೇನು ಕಡಿಮಿ ಆಯ್ತಾ?

ಅದಕ್ಕ ನಮ್ಮ ಜಿಲ್ಲಾದಾಗ ಸ್ಪರ್ಧಾ ನಡಸೋರಿಗೆ ನನ್ನ ಬೇಡಿಕಿ ಇಷ್ಟೇ. ಎಂಟ್ರಿ ಫಾರ್ಮ್‌ದಾಗ ಎರಡು ಸಾಲು ಜಾಗ ಬಿಡ್ರಿ, ಈ ಪೀಸ್‌ಗೆ ಯಾರ ಕೆಲಸ ನೋಡಿದ್ರಿ, ಯಾವ ಹೆಜ್ಜಿ ಯಾರ ಹತ್ರ ಕಲ್ತ್ರಿ ಅಂತ, ಅದನ್ನ ಸ್ಟೇಜ್ ಮ್ಯಾಲ ಅನೌನ್ಸ್ ಮಾಡ್ರಿ. ಜಡ್ಜ್‌ಗಳ ಸಾಲಿನ್ಯಾಗ ಒಂದು ಕುರ್ಚಿ ಹೆಜ್ಜಿ ಮೇಳದ (ಹಲಗಿಗೆ ಹೆಜ್ಜಿ ಹಾಕೋ ಊರ ತಂಡದ) ಹಿರೇರಿಗೆ ಇಡ್ರಿ, ಬರೇ ಶಾಲು ಹಾಕಿ ಕಳಸಬ್ಯಾಡ್ರಿ, ಬೆಂಗಳೂರಿಂದ ಬಂದವರಿಗೆ ಕೊಡೋ ಸಂಭಾವನೀನೇ ಕೊಡ್ರಿ. ಇನ್ನೊಂದು, ಫಾರ್ಮ್‌ದಾಗ ಹೆಸರು ಬರದುಕೊಟ್ಟ ಟೀಮಿಗೆ ಒರಿಜಿನಲ್ ಅಲ್ಲ ಅಂತ ಮಾರ್ಕ್ಸ್ ಕಟ್ ಮಾಡಬ್ಯಾಡ್ರಿ, ಹಂಗ ಮಾಡಿದ್ರ ಮುಂದಿನ ವರ್ಷ ಒಬ್ರೂ ಬರಿಯಂಗಿಲ್ಲ.

ಇತಿ,
ಒಬ್ಬ ಡಾನ್ಸ್ ಮಾಸ್ತರ, ರಾಯಚೂರು