ದೂರು: ಲೇಸರ್ ಪವರ್ ಅಲ್ಲಾಡಿದ್ರೆ ಟೈಮೂ ಅಲ್ಲಾಡೋ ನಿಮ್ಮ ರುಬಿಡಿಯಂ ಕ್ಲಾಕ್ ಬಗ್ಗೆ

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಾವಿರೋದು ತೀರ್ಥಹಳ್ಳಿ ಕಡೆ, ಸುತ್ತ ಬರೀ ಮರ, ಮಳೆಗಾಲದಲ್ಲಿ ಎಲೆ ಎಲ್ಲ ನೆನೆದು ನಿಂತ್ರೆ ಜಿಪಿಎಸ್ ಸಿಗ್ನಲ್ ಸೊರಗಿ ಹೋಗುತ್ತೆ, ಆಗ ನನ್ನ ರಿಪೇರಿ ಲ್ಯಾಬಿಗೆ ಬೇರೆ ಉಪಕರಣ ಹೋಲಿಸಿ ನೋಡೋಕೆ 10 ಮೆಗಾಹರ್ಟ್ಸ್ ರೆಫರೆನ್ಸ್ ಸಿಗ್ನಲ್ ಒಂದು ಗಟ್ಟಿಯಾಗಿ ನಿಲ್ಲಲಿ ಅಂತಾನೇ ನಿಮ್ಮ ಲೇಸರ್ ರುಬಿಡಿಯಂ ಕ್ಲಾಕ್, ಅಂದ್ರೆ ರುಬಿಡಿಯಂ ಪರಮಾಣು ಹಿಡಿದು ಟೈಮ್ ಇಡೋ ಗಡಿಯಾರ, ತಗೊಂಡಿದ್ದು. ಅದೇ ನಿಲ್ತಿಲ್ಲ. ಸಿಗ್ನಲ್ ಚೆನ್ನಾಗಿರೋವಾಗ ಹೋಲಿಸಿ ನೋಡಿದ್ರೆ ದಿನಕ್ಕೆ 8-9 ಮೈಕ್ರೋಸೆಕೆಂಡ್ ಓಡುತ್ತೆ, ಅಂದ್ರೆ ಸಾವಿರ ಕೋಟಿಗೆ ಒಂದು ಪಾಲು. ಕೇಳೋಕೆ ಏನೂ ಅಲ್ಲ, ಆದ್ರೆ ನಾನು ದುಡ್ಡು ಕೊಟ್ಟಿದ್ದೇ ಅದಕ್ಕಲ್ವಾ.

ನಿಮ್ಮ ಸಪೋರ್ಟ್‌ನವರದ್ದು ಒಂದೇ ರಾಗ, ಮಲ್ನಾಡಲ್ಲಿ ಥಂಡಿ ಜಾಸ್ತಿ, ಕರೆಂಟ್ ಸರಿ ಇಲ್ಲ. ಸ್ವಾಮಿ, ಬ್ಯಾಟರಿ ಮೇಲೆ ಓಡಿಸಿದೀನಿ, ಒಳಗೆ ರುಬಿಡಿಯಂ ಆವಿ ಇರೋ ಗಾಜಿನ ಸೆಲ್‌ನ ಟೆಂಪರೇಚರ್ ರೀಡಿಂಗ್ ಕದಲಿಲ್ಲ, ಆದ್ರೂ ಅದೇ ಕಥೆ. ಅದೇ ನಿಮ್ಮ ಸಾಫ್ಟ್‌ವೇರಲ್ಲಿ ಲೇಸರ್ ಪವರ್ ಒಂಚೂರು ಏರಿಸಿದ್ರೆ ಫ್ರೀಕ್ವೆನ್ಸಿ ಒಂದು ಕಡೆ ಹೋಗುತ್ತೆ, ಇಳಿಸಿದ್ರೆ ವಾಪಸ್ ಬರುತ್ತೆ, ಪ್ರತಿ ಸಲ. ಇದಕ್ಕೂ ನಮ್ಮೂರ ಮಳೆಗೂ ಏನ್ ಸಂಬಂಧ?

ಇದು ಲೈಟ್ ಶಿಫ್ಟ್, ನಿಮಗೂ ಗೊತ್ತಿರುತ್ತೆ. ರುಬಿಡಿಯಂ 87ರ ಎರಡು ಎನರ್ಜಿ ಲೆವೆಲ್ ನಡುವೆ ಇರೋ ಅಂತರ ಸುಮಾರು 6.8347 ಗಿಗಾಹರ್ಟ್ಸ್, ಕ್ಲಾಕ್ ಟೈಮ್ ಇಡೋದು ಇದನ್ನೇ ಹಿಡಿದು, ಅದನ್ನ ಅಳೆಯೋಕೆ ಅಂತ ಬಿಡೋ ಬೆಳಕೇ ಆ ಅಂತರ ಬದಲಿಸಿಬಿಡುತ್ತೆ, ಅಡಿಕೆ ಮಂಡೀಲಿ ತೂಗುವಾಗ ತಟ್ಟೆ ಮೇಲೆ ಬೆರಳಿಟ್ಟ ಹಾಗೆ. ಲೇಸರ್ ರುಬಿಡಿಯಂ ಬೆಳಕು ಹೀರೋ 795 ನ್ಯಾನೋಮೀಟರ್ ಗೆರೆಯ ನಡುಮಧ್ಯ ಕೂತ್ರೆ ಶಿಫ್ಟ್ ಹೆಚ್ಚುಕಮ್ಮಿ ಸೊನ್ನೆ. ಆ ಕಡೆ ಸರಿದ್ರೆ ಕ್ಲಾಕ್ ಒಂದು ದಿಕ್ಕಿಗೆ, ಈ ಕಡೆ ಸರಿದ್ರೆ ಇನ್ನೊಂದು ದಿಕ್ಕಿಗೆ, ಬೆಳಕು ಜೋರಾದಷ್ಟೂ ತಪ್ಪೂ ಜೋರು. ಪವರ್ ಮುಟ್ಟಿದ ತಕ್ಷಣ ಫ್ರೀಕ್ವೆನ್ಸಿ ಓಡ್ತಿದೆ ಅಂದ್ರೆ ನೀವು ಲೇಸರ್‌ನ ತರಂಗಾಂತರ ಲಾಕ್ ಮಾಡಿರೋ ಜಾಗವೇ ಸರಿ ಇಲ್ಲ, ಮುಂದೆ ಲೇಸರ್ ಹಳೇದಾಗಿ ಬೆಳಕು ಕಮ್ಮಿ ಆಗ್ತಾ ಆಗ್ತಾ ಟೈಮೂ ಅದರ ಹಿಂದೆ ಹೋಗುತ್ತೆ.

1961ರಲ್ಲೇ ಪ್ಯಾರಿಸ್‌ನಲ್ಲಿ ಭೌತವಿಜ್ಞಾನಿ ಕೊಹೆನ್-ತನೂಜಿ ಪಾದರಸದ ಆವಿಯಲ್ಲಿ ಈ ಲೈಟ್ ಶಿಫ್ಟನ್ನ ತೋರಿಸಿದ್ರು, ಅದೂ ಲ್ಯಾಂಪ್ ಬೆಳಕಲ್ಲಿ. ಆ ಅಂತರ ಅಳೆಯೋಕೆ ಮೈಕ್ರೋವೇವ್ ಬಿಡೋ ಹೊತ್ತಲ್ಲಿ ಲೇಸರನ್ನೇ ಆಫ್ ಮಾಡೋ ಪಲ್ಸ್ ಕ್ಲಾಕ್‌ಗಳೂ ಇವೆ. ಅದನ್ನ ನಾನು ಕೇಳ್ತಿಲ್ಲ, ಈ ರೇಟಿಗೆ ಬರೋದೂ ಇಲ್ಲ. ಆದ್ರೆ ಡೇಟಾಶೀಟಲ್ಲಿ ಪವರ್ ಶೇಕಡಾ ಒಂದು ಬದಲಾದ್ರೆ ಫ್ರೀಕ್ವೆನ್ಸಿ ಎಷ್ಟು ಸರಿಯುತ್ತೆ ಅನ್ನೋ ಒಂದು ಸಾಲೂ ಇಲ್ವಲ್ಲ, ಯಾಕೆ?

ಯೂನಿಟ್ ವಾಪಸ್ ತಗೊಂಡು ಲೇಸರ್ ಲಾಕ್ ಪಾಯಿಂಟ್ ಸರಿ ಮಾಡಿ, ಪವರ್ ಬದಲಿಸಿ ತೆಗೆದ ಟೆಸ್ಟ್ ರೀಡಿಂಗ್ ಜೊತೆಗೇ ಕಳಿಸಿ, ಆಗಲ್ಲ ಅಂದ್ರೆ ಬೇರೆ ಯೂನಿಟ್ ಕೊಡಿ. ವಾರಂಟಿ ಇನ್ನೂ ಇದೆ, ಕೊರಿಯರ್ ಖರ್ಚು ನಿಮ್ಮದೇ. ಥಂಡಿ ಅನ್ನೋ ಉತ್ತರ ಇನ್ನೊಂದ್ಸಲ ಬಂದ್ರೆ ಶಿವಮೊಗ್ಗದ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ.

ಇತಿ,
ನಿಮ್ಮ ಗ್ರಾಹಕ, ತೀರ್ಥಹಳ್ಳಿ ತಾಲೂಕು