ವಾರಂಟಿ ಇರುವ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಅನ್ನು ಮೂರು ಸಲವೂ ‘ಚೆನ್ನಾಗಿದೆ’ ಎಂದು ವಾಪಸ್ ಕೊಟ್ಟ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಕಸ್ಟಮರ್ ಕೇರ್‌ಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಹನ್ನೊಂದು ಸಲವೂ ‘24 ಗಂಟೆಯೊಳಗೆ ಕಾಲ್ ಮಾಡ್ತೀವಿ’ ಎಂಬ ಉತ್ತರ. ಬ್ರಹ್ಮನ ಲೆಕ್ಕದ ಗಂಟೆಗಳೋ ಏನೋ, ಇನ್ನೂ ಮುಗಿದಿಲ್ಲ. ಸಮಾಧಾನವಾಗಿ ಬರೆಯಿರಿ ಎಂದು ಮನೆಯವರು ಹೇಳಿದ್ದಾರೆ. ಆದಷ್ಟು ಪ್ರಯತ್ನಿಸುತ್ತೇನೆ.

ಕಂಪ್ಯೂಟರ್ 2017ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸಿದ್ದು. ಐ5 7400 ಪ್ರೊಸೆಸರ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಹಳೆಯದು, ಒಪ್ಪಿದೆ. ವಿಂಡೋಸ್ 11 ಕೂಡ ಇದನ್ನು ಒಲ್ಲೆ ಎನ್ನುತ್ತದೆ. ಆದರೆ ನಿಮ್ಮ ಎಸ್‌ಎಂಪಿಎಸ್ ಹಳೆಯದಲ್ಲ. 2022ರ ಆಗಸ್ಟ್‌ನಲ್ಲಿ ಕೊಂಡದ್ದು, 5 ವರ್ಷ ವಾರಂಟಿ. ಬಿಲ್ಲಿನ ನಕಲು ಮೂರು ಸಲ ಕೊಟ್ಟಿದ್ದೇನೆ, ನಾಲ್ಕನೆಯದು ಇದರ ಜೊತೆಗಿದೆ. ವಾರಂಟಿ ಕಾರ್ಡಿನಲ್ಲಿ ನೀವೇ ಏನು ಬರೆದಿದ್ದೀರೆಂದು ನಿಮಗೆ ನಾನು ಓದಿ ಹೇಳಬೇಕಿಲ್ಲ.

ತೊಂದರೆ ಇಷ್ಟೇ. ಸುಮ್ಮನೆ ಆನ್ ಮಾಡಿಟ್ಟರೆ ಇಡೀ ದಿನ ಇರುತ್ತದೆ. ಗೇಮ್ ಶುರುಮಾಡಿ ಹತ್ತು ನಿಮಿಷವಾದರೆ ಟಪ್ ಎಂದು ಆರಿಹೋಗುತ್ತದೆ. ನೀಲಿ ಪರದೆಯೂ ಬರುವುದಿಲ್ಲ, ಥೇಟ್ ಕರೆಂಟ್ ಹೋದ ಹಾಗೆ. ರ‍್ಯಾಮ್ ಬಿಚ್ಚಿ, ರಬ್ಬರಿನಿಂದ ಉಜ್ಜಿ, ಒಂದೊಂದೇ ಹಾಕಿ ನೋಡಿದೆ. ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿದೆ, ಬಿಸಿ 65 ಡಿಗ್ರಿ ದಾಟಲಿಲ್ಲ. ಸಹೋದ್ಯೋಗಿಯ ಮನೆಯಲ್ಲಿ ನನ್ನ ಕಾರ್ಡ್ ಎರಡು ಸಂಜೆ ಓಡಿತು. ಕೊನೆಗೆ ಎಸ್‌ಎಂಪಿಎಸ್‌ನ 12 ವೋಲ್ಟಿನ ಹಳದಿ ವೈರಿಗೆ ಮಲ್ಟಿಮೀಟರ್ ಇಟ್ಟೆ. ಸುಮ್ಮನಿದ್ದಾಗ 12.1. ಗೇಮ್ ಶುರುವಾದ ಮೇಲೆ 11.6, ಆಮೇಲೆ 11.3, ಆಮೇಲೆ ಕತ್ತಲೆ. ಎಸ್‌ಎಂಪಿಎಸ್‌ಗಳು ಪಾಲಿಸಬೇಕಾದ ಎಟಿಎಕ್ಸ್ ನಿಯಮದಲ್ಲಿ ಇದು 11.4ರ ಕೆಳಗೆ ಇಳಿಯುವಂತಿಲ್ಲ. ಅದನ್ನೇ ತಯಾರಿಸುವವರಿಗೆ ನಾನೇನು ಹೇಳಿಕೊಡುವುದು? ಕಾರ್ಡಿಗೆ ಬೇಕಾದದ್ದು 120 ವ್ಯಾಟ್, ಪ್ರೊಸೆಸರಿಗೆ 65. ನಿಮ್ಮ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದು 550. ಸಹೋದ್ಯೋಗಿಯ ಹಳೇ ಎಸ್‌ಎಂಪಿಎಸ್ ತಂದು ಹಾಕಿದರೆ ಇದೇ ಕಂಪ್ಯೂಟರ್ ಭಾನುವಾರ ನಾಲ್ಕು ಗಂಟೆ ಕಮಕ್ ಕಿಮಕ್ ಎನ್ನಲಿಲ್ಲ.

ಇಷ್ಟನ್ನೂ ಹೇಳಲು ಕಳೆದ ಶನಿವಾರ ತುಮಕೂರಿನಿಂದ ಬೆಳಗಿನ ರೈಲು ಹಿಡಿದು ನಿಮ್ಮ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಬಂದೆ. ಮೂರನೆಯ ಸಲ. ಟೋಕನ್ 14. ಹನ್ನೆರಡೂವರೆಗೆ ಕರೆದರು. ಕೌಂಟರಿನ ಹುಡುಗ ಅಂಗೈಯಗಲದ ಟೆಸ್ಟರ್ ಚುಚ್ಚಿದ. ಫ್ಯಾನ್ ತಿರುಗಿತು, ಅದು ಕುಯ್ಯೆಂದಿತು, 12.0 ತೋರಿಸಿತು.

‘ಓಕೆ ಇದೆ ಅಂಕಲ್.’

‘ಲೋಡ್ ಕೊಟ್ಟು ನೋಡಪ್ಪ. ಖಾಲಿ ಗಾಡಿ ಎಳೆಯೋಕೆ ಯಾವ ಎತ್ತಾದ್ರೂ ಆಗತ್ತೆ.’

‘ಗೇಮ್ ಆಡೋದ್ಯಾರು, ಮಗನಾ?’

‘ನಾನೇ.’

ಅವನು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ತಲೆ ನೋಡಿದ. ನರೆತಿದೆ, ಹೌದು. ನನ್ನ ಹಿಂದೆ ಟೋಕನ್ 15 ಮತ್ತು 16, ಇಬ್ಬರೂ ಕಾಲೇಜು ಹುಡುಗರು, ಕಿಸಕ್ಕೆಂದರು. 15 ಅದನ್ನು ಕೆಮ್ಮಾಗಿ ತಿರುಗಿಸಿದ, ಅವನಿಗೆ ಒಳ್ಳೆಯದಾಗಲಿ.

‘ಮಗನ್ನ ಕಳ್ಸಿ ಅಂಕಲ್. ಅವ್ರಿಗಾದ್ರೆ ಎಕ್ಸ್‌ಪ್ಲೇನ್ ಮಾಡ್ಬೋದು.’

ನನಗೆ ಮಗನಿಲ್ಲ, ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಗೇಮ್ ಆಡುವುದಿಲ್ಲ. ಇದನ್ನೆಲ್ಲ ಅವನಿಗೆ ಯಾಕೆ ವರದಿ ಒಪ್ಪಿಸಿದೆನೋ, ಇವತ್ತಿಗೂ ಗೊತ್ತಾಗಿಲ್ಲ. ಮಲ್ಟಿಮೀಟರಿನ ವಿಡಿಯೊ ತೋರಿಸಿದೆ. ಪೂರ್ತಿ ನೋಡದೆ ‘ಮೀಟರ್ ಲೋಕಲ್ ಇರ್ಬೇಕು’ ಎಂದ. ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಸಿಕ್ಸ್ ಲ್ಯಾಬ್ ಮಾಡಿಸುತ್ತಿದ್ದೇನೆ ಎನ್ನಬೇಕಿತ್ತು. ಆಗ ಬಾಯಿಗೆ ಬರಲಿಲ್ಲ. ವಾಪಸ್ ರೈಲಿನಲ್ಲಿ ಚಿಕ್ಕಬಾಣಾವರ ದಾಟಿದ ಮೇಲೆ ಒಂದಕ್ಕಿಂತ ಒಂದು ಒಳ್ಳೆಯ ಉತ್ತರ ಹೊಳೆದವು.

ಜಾಬ್ ಶೀಟಿನ ಮೇಲೆ ‘ನೋ ಫಾಲ್ಟ್ ಫೌಂಡ್’ ಎಂಬ ಸೀಲು. ಅದರ ಕೆಳಗೆ ಪೆನ್ನಿನಲ್ಲಿ: ‘ಧೂಳು ಇದೆ, ಕಸ್ಟಮರ್ ಮೆಂಟೆನೆನ್ಸ್ ಸರಿ ಇಲ್ಲ.’ ಸ್ವಾಮಿ, ಗಾಳಿ ಎಳೆಯುವ ಫ್ಯಾನಿಟ್ಟವರು ನೀವು. ಗಾಳಿಯ ಜೊತೆ ಧೂಳೂ ಬರುತ್ತದೆ. ಧೂಳಿಲ್ಲದ ಊರಿನಲ್ಲಿ ಮಾತ್ರ ಬಳಸಿ ಎಂದು ಡಬ್ಬದ ಮೇಲೆ ಅಚ್ಚು ಹಾಕಿಸಿದ್ದರೆ ನಾನು ಕೊಳ್ಳುತ್ತಲೇ ಇರಲಿಲ್ಲ.

15 ದಿನದೊಳಗೆ ಬದಲಿ ಎಸ್‌ಎಂಪಿಎಸ್ ಇಲ್ಲವೇ ಪೂರ್ತಿ ಹಣ ನನಗೆ ತಲುಪಬೇಕು. ಇಲ್ಲದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ಊರಿನಲ್ಲೇ ದಾಖಲಿಸಬಹುದು. ಕೊಂಡ ವಸ್ತುವಿಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಅಂದರೆ ಈ ಸಲ ರೈಲು ಹತ್ತಬೇಕಾದವರು ನೀವು. ನನಗಂತೂ ಸಂಜೆ ಹೊತ್ತು ಬೇಕಾದಷ್ಟಿದೆ, ಗೇಮ್ ನಿಂತುಹೋಗಿದೆಯಲ್ಲ.

ಅಷ್ಟರೊಳಗೆ ಕಾಲೇಜಿಗೆ ರಜೆ ಸಿಕ್ಕ ದಿನ ಸಿಪಿಯು, ಮಾನಿಟರ್, ಕೀಬೋರ್ಡ್, ಮೀಟರ್ ಎಲ್ಲವನ್ನೂ ಆಟೋಗೆ ಹೇರಿಕೊಂಡು ನಿಮ್ಮ ಸೆಂಟರಿಗೇ ಬರುತ್ತೇನೆ. ಕೌಂಟರಿನ ಮೇಲಿಟ್ಟು, ಟೋಕನ್ ಹಿಡಿದವರೆಲ್ಲರ ಎದುರು, ಅದು ಆರುವ ತನಕ ಗೇಮ್ ಆಡುತ್ತೇನೆ. ಒಂದು ಪ್ಲಗ್ ಪಾಯಿಂಟ್ ಖಾಲಿ ಇಟ್ಟಿರಿ.

ಇಂತಿ,
ಟೋಕನ್ 14