ಅತಿಥಿ ಟೀಚರ್‌ಗೆ ಒಂದು ಥ್ಯಾಂಕ್ಸ್

ಹೆಸರು ಹಾಕಬೇಡಿ ಅಂದಿದ್ದೀರಿ ಮೇಡಂ, ಹಾಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯ್ತಲ್ಲ, ನಮ್ಮ ಕೊಪ್ಪಳದ ಮಕ್ಕಳಿಗೆ ನೀವು ಅದನ್ನೇ ಪಾಠ ಮಾಡಿದಿರಿ. ಗೇಟು ಹೋದದ್ದು ಒಂದೇ, ಉಳಿದ ಗೇಟುಗಳಿಂದಲೂ ನೀರು ಯಾಕೆ ಬಿಟ್ಟರು ಅಂತ ಕೇಳಿ, ಉತ್ತರ ಹೇಳದೆ ಸುಮ್ನೆ ನಿಂತುಬಿಟ್ಟಿರಂತೆ. ನನ್ನ ಮಗಳು ಮನೆಗೆ ಬಂದವಳೇ ಪ್ಲಾಸ್ಟಿಕ್ ಬಾಟಲಿಗೆ ಮೇಲೊಂದು, ಕೆಳಗೊಂದು ತೂತು ಮಾಡಿ ನೀರು ತುಂಬಿದಳು. ಕೆಳಗಿನ ತೂತಿನ ನೀರು ದೂರ ಚಿಮ್ಮಿತು. 'ಅಪ್ಪಾ, ನೀರು ಇಳಿದರೆ ಒತ್ತಡಾನೂ ಇಳಿಯುತ್ತೆ, ಆಗಲೇ ರಿಪೇರಿ ಮಾಡೋಕಾಗೋದು' ಅಂದಳು. ಗೈಡ್ ನೋಡಿ ಬರೆಯುತ್ತಿದ್ದ ಹುಡುಗಿ ಇವಳು! ತಪ್ಪು ಉತ್ತರ ಕೊಟ್ಟವನಿಗೂ 'ಹಾಗೆ ಯಾಕೆ ಅನ್ನಿಸಿತು?' ಅಂತ ಕೇಳಿದಿರಂತಲ್ಲ, ನನಗೆ ಅದೇ ಜಾಸ್ತಿ ಹಿಡಿಸಿತು. ತುಂಬಾ ಥ್ಯಾಂಕ್ಸ್ ಮೇಡಂ, ಮುಂದಿನ ವರ್ಷವೂ ನಮ್ಮ ಶಾಲೆಗೇ ಬನ್ನಿ.